ಅಕ್ಕಚ್ಚು, ಕಾರ್ಖಾನೆಯ ನೀರು ಮತ್ತು ಒಂದು ಬಕೆಟ್
(ಮಹಿಳಾ ವಿಭಾಗದ ಕಾರ್ಯಕ್ರಮದಲ್ಲಿ ಆಡಿದ ಮಾತು)



ಎಂ.ಟೆಕ್. ಓದಿ ಕಂಪ್ಯೂಟರ್ ಕೆಲಸ ಮಾಡುವವಳಿಗೆ ಕೊಳೆ ನೀರಿನ ಉಸಾಬರಿ ಏಕೆ ಎಂದು ಕೆಲವರು ಆಗಲೇ ಕೇಳಿದಿರಿ. ನನ್ನ ಮನೆ ಗ್ರಾಂಟ್ ರೋಡಿನಲ್ಲಿ. ಪಕ್ಕದ ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಸಹವಾಸವೇ ನನ್ನನ್ನು ಸೆನ್ಸರ್‌ಗಳ ಕಡೆ ಎಳೆಯಿತು. 2014ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಹೆಚ್ಚು ಮಾಲಿನ್ಯ ಮಾಡುವ 17 ಬಗೆಯ ಉದ್ಯಮಗಳಿಗೆ ಆನ್‌ಲೈನ್ ಮಾಪನ ಅಳವಡಿಸಲು ಸೂಚಿಸಿತು. ಆ ಅಂಕಿಗಳನ್ನು ಮಂಡಳಿಗೆ ತಲುಪಿಸುವ ಸಾಫ್ಟ್‌ವೇರ್ ಬರೆಯುವುದು ನನ್ನ ಉದ್ಯೋಗ.

ಅಳೆಯುವುದರಲ್ಲಿ ಒಂದು ಟಿ.ಎಸ್.ಎಸ್., ಅಂದರೆ ನೀರಿನಲ್ಲಿ ಕರಗದೆ ತೇಲಾಡುವ ಕಣ. ಅಕ್ಕಚ್ಚು ಬೆಳ್ಳಗಿರುವುದು ಇಂಥ ಕಣಗಳಿಂದಲೇ. ಉಪ್ಪು ಕರಗಿಹೋಗುತ್ತದೆ, ಅದು ಈ ಲೆಕ್ಕಕ್ಕೆ ಬರುವುದಿಲ್ಲ. ಕರಗಿದ ಬಣ್ಣವೂ ಅಷ್ಟೇ. 2017ರಲ್ಲಿ ತಲೋಜಾದ ನೀಲಿ ನಾಯಿಗಳ ಫೋಟೊ ನೋಡಿದ್ದೀರಲ್ಲ, ಹಾಗೆ ಕರಗಿದ ಬಣ್ಣವನ್ನು ಹಿಡಿಯಲು ಬೇರೆ ಪರೀಕ್ಷೆ ಬೇಕು.

ಲ್ಯಾಬ್‌ನ ವಿಧಾನ ನಮ್ಮ ಅಡುಗೆಮನೆಯದೇ: ಸೋಸು, ಒಣಗಿಸು, ತೂಗು. ಮೊದಲೇ ತೂಗಿಟ್ಟ ಗಾಜಿನ ನಾರಿನ ಫಿಲ್ಟರ್‌ನಲ್ಲಿ 100 ಮಿ.ಲೀ. ನೀರು ಸೋಸಿ, 103ರಿಂದ 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿ, ತಣಿಸಿ ತೂಗುತ್ತಾರೆ. ತೂಕ 10 ಮಿಲಿಗ್ರಾಂ ಹೆಚ್ಚಿದರೆ ಲೀಟರಿಗೆ 100 ಮಿಲಿಗ್ರಾಂ ಎಂದಾಯಿತು. ನದಿ, ಹಳ್ಳಕ್ಕೆ ಬಿಡುವ ನೀರಿಗೆ ಸಾಮಾನ್ಯ ಮಿತಿ ಅಷ್ಟೇ. ಸಾರ್ವಜನಿಕ ಒಳಚರಂಡಿಗಾದರೆ 600. ಇದಕ್ಕಿಂತ ಹೆಚ್ಚಾದರೆ ಮೀನಿನ ಕಿವಿರು ಕಟ್ಟುತ್ತದೆ, ಬೆಳಕು ಕೆಳಗಿಳಿಯುವುದಿಲ್ಲ, ಕಣಗಳಿಗೆ ಅಂಟಿಕೊಂಡ ಲೋಹ ನದಿಯ ತಳ ಸೇರುತ್ತದೆ.

ಸೆನ್ಸರ್ ತೂಗುವುದಿಲ್ಲ. ಬೆಳಕು ಬಿಟ್ಟು, ಕಣಗಳಿಗೆ ತಾಗಿ ಅದೆಷ್ಟು ಚದುರಿತು ಎಂದು ನೋಡಿ ಅಂದಾಜು ಹೇಳುತ್ತದೆ. ಆದ್ದರಿಂದ ಅದನ್ನು ಲ್ಯಾಬ್‌ನ ತೂಕದೊಂದಿಗೆ ಆಗಾಗ ತಾಳೆ ನೋಡಲೇಬೇಕು.

ಒಮ್ಮೆ ಒಂದು ಕಾರ್ಖಾನೆಯ ಅಂಕಿ ಹನ್ನೊಂದು ದಿನ 12ರಲ್ಲೇ ನಿಂತಿತ್ತು. ಹರಿಯುವ ನೀರಿನ ಅಂಕಿ ಹಾಗೆ ನಿಲ್ಲುವುದಿಲ್ಲ. ಟ್ಯಾಂಕ್ ತೊಳೆದಾಗ ಏರುತ್ತದೆ, ರಜೆಯ ದಿನ ಇಳಿಯುತ್ತದೆ. ಆಫೀಸಿನಲ್ಲಿ ಹೇಳಿದೆ. "ಡೇಟಾ ಹೋಗುತ್ತಿದೆಯಲ್ಲ ಮೇಡಂ, ಮಿತಿಯೊಳಗೇ ಇದೆ, ನಿಮಗೇನು?" ಎಂದರು. ಒಂದು ವಾರ ನಾನೂ ಸುಮ್ಮನಿದ್ದೆ. ನಿಮ್ಮೆದುರು ಇದನ್ನು ಹೇಳಲು ನಾಚಿಕೆಯಾಗುತ್ತದೆ. ಆಮೇಲೆ ಲ್ಯಾಬ್ ವರದಿ ಬಂತು: 168. ಹೋಗಿ ನೋಡಿದರೆ ಸೆನ್ಸರ್ ಕಾಲುವೆಯಲ್ಲಿರಲಿಲ್ಲ, ನಲ್ಲಿ ನೀರಿನ ಬಕೆಟಿನಲ್ಲಿ ಮುಳುಗಿತ್ತು. ತೊಳೆಯಲು ತೆಗೆದು ಮರೆತೆವು ಎಂದರು. ಮರೆತರೋ ಇಟ್ಟರೋ, ಹೊರಗೆ ಹರಿದ ನೀರು ಮಾತ್ರ ಹರಿದೇ ಹೋಗಿತ್ತು.

ಅಂದಿನ ರಾತ್ರಿಯೇ ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದೆ. ಆರು ಗಂಟೆ ಅಂಕಿ ಅಲುಗದಿದ್ದರೆ ಕೆಂಪು ಗುರುತು ಬೀಳುತ್ತದೆ, ಅದು ಅಂಕಿಯ ಜೊತೆಗೇ ಮಂಡಳಿಗೂ ಹೋಗುತ್ತದೆ. ಅದನ್ನು ತೆಗೆಯಿರಿ ಎಂದು ಎರಡು ಸಲ ಮೇಲ್ ಬಂದಿದೆ. ಇನ್ನೂ ತೆಗೆದಿಲ್ಲ.