ಹಿಂಡಿ, ತೌಡು ಮತ್ತು ಹತ್ತು ಅಮೈನೊ ಆಮ್ಲಗಳು

ನಮ್ಮ ಕೊಳಗಳಲ್ಲಿ ಸಾಕುವ ಕಾಟ್ಲಾ, ರೋಹು, ಮೃಗಾಲ್ ಹಾಗೂ ಸಾಮಾನ್ಯ ಗೆಂಡೆ ಮೀನುಗಳಿಗೆ ರೈತರು ಬಹುಕಾಲದಿಂದ ಕೊಡುತ್ತ ಬಂದಿರುವ ಮೇವು ಕಡಲೆಕಾಯಿ ಹಿಂಡಿ ಮತ್ತು ಅಕ್ಕಿ ತೌಡು. ಈಗ ಕಾರ್ಖಾನೆಯ ಗುಳಿಗೆ ಮೇವೂ ಬಂದಿದೆ. ಕಾರ್ಯಕ್ರಮದ ಚಿತ್ರೀಕರಣಕ್ಕೆಂದು ಕೊಳದ ದಂಡೆಗೆ ಹೋದಾಗಲೆಲ್ಲ ನಾನು ಕೇಳಿರುವ ಪ್ರಶ್ನೆ ಒಂದೇ: “ಇದರಲ್ಲಿ ಪ್ರೋಟೀನು ಎಷ್ಟು ಪರ್ಸೆಂಟು ಸಾರ್?” ಪ್ರಶ್ನೆ ಸರಿಯಾದದ್ದೇ. ಆದರೆ ಅದು ಅರ್ಧ ಪ್ರಶ್ನೆ. ಉಳಿದರ್ಧವನ್ನು ಇಂದು ನೋಡೋಣ.

ಪ್ರೋಟೀನು ಎಂಬುದು ಇಪ್ಪತ್ತು ಬಗೆಯ ಅಮೈನೊ ಆಮ್ಲಗಳು ಕೂಡಿ ಆದ ಸರಪಳಿ. ಇವುಗಳಲ್ಲಿ ಕೆಲವನ್ನು ಮೀನು ತನ್ನ ದೇಹದಲ್ಲೇ ತಯಾರಿಸಿಕೊಳ್ಳುತ್ತದೆ. ಹತ್ತನ್ನು ಮಾತ್ರ ಆಹಾರದಿಂದಲೇ ಪಡೆಯಬೇಕು. ಅವು ಆರ್ಜಿನೀನ್, ಹಿಸ್ಟಿಡೀನ್, ಐಸೊಲ್ಯೂಸೀನ್, ಲ್ಯೂಸೀನ್, ಲೈಸೀನ್, ಮಿಥಿಯೊನೀನ್, ಫೀನೈಲ್‌ಅಲನೀನ್, ಥ್ರಿಯೊನೀನ್, ಟ್ರಿಪ್ಟೊಫ್ಯಾನ್ ಮತ್ತು ವ್ಯಾಲೀನ್. ಅಮೆರಿಕದ ವಿಜ್ಞಾನಿ ಜಾನ್ ಹಾಲ್ವರ್ ಮತ್ತು ಸಂಗಡಿಗರು 1957ರಲ್ಲಿ ಚಿನೂಕ್ ಸಾಲ್ಮನ್ ಮೀನಿನ ಮೇಲೆ ಪ್ರಯೋಗ ನಡೆಸಿ ಇದನ್ನು ತೋರಿಸಿದರು. ಗೆಂಡೆ ಮೀನುಗಳಿಗೂ ಇದೇ ಹತ್ತು ಬೇಕೆಂದು ಮುಂದೆ ತಿಳಿದುಬಂತು. ಅದೇ 1957ರ ಜುಲೈ 10ರಂದು ಒಡಿಶಾದಲ್ಲಿ ಡಾ. ಹೀರಾಲಾಲ್ ಚೌಧುರಿಯವರು ಚುಚ್ಚುಮದ್ದಿನಿಂದ ಗೆಂಡೆ ಜಾತಿಯ ಮೀನುಗಳನ್ನು ಮರಿಮಾಡಿಸುವಲ್ಲಿ ಯಶಸ್ವಿಯಾದರು. ಬಿತ್ತನೆ ಮರಿಯ ಸಮಸ್ಯೆಗೂ ಮೇವಿನ ಲೆಕ್ಕಕ್ಕೂ ಒಂದೇ ವರ್ಷದಲ್ಲಿ ದಾರಿ ತೆರೆಯಿತು ಎನ್ನಬಹುದು.

ಈಗ ಹೂ ಕಟ್ಟುವವರನ್ನು ನೆನೆಯಿರಿ. ಐದು ಮಲ್ಲಿಗೆಗೆ ಒಂದು ಕನಕಾಂಬರ ಎಂಬ ಕ್ರಮದಲ್ಲಿ ಮಾಲೆ ಕಟ್ಟುತ್ತಿದ್ದಾರೆ. ಕನಕಾಂಬರ ಮುಗಿದರೆ, ಬುಟ್ಟಿ ತುಂಬ ಮಲ್ಲಿಗೆ ಇದ್ದರೂ ಆ ಮಾಲೆ ಅಲ್ಲಿಗೇ ನಿಲ್ಲುತ್ತದೆ. ಮೀನಿನ ಮಾಂಸವೂ ಹೀಗೆಯೇ. ಯಾವ ಅಮೈನೊ ಆಮ್ಲ ಅಗತ್ಯಕ್ಕಿಂತ ಅತಿ ಕಡಿಮೆಯಿದೆಯೋ ಅದೇ ಬೆಳವಣಿಗೆಯ ಮಿತಿಯನ್ನು ನಿರ್ಧರಿಸುತ್ತದೆ.

ಲೆಕ್ಕ ಹಾಕೋಣ. ಸಾಮಾನ್ಯ ಗೆಂಡೆಗೆ ಆಹಾರದ ಪ್ರೋಟೀನಿನಲ್ಲಿ ಶೇಕಡ 5.7ರಷ್ಟು ಲೈಸೀನ್ ಬೇಕು. ಮೇವಿನಲ್ಲಿ ಶೇಕಡ 30 ಪ್ರೋಟೀನು ಇದ್ದರೆ, 100 ಗ್ರಾಂ ಮೇವಿನಲ್ಲಿ ಸುಮಾರು 1.7 ಗ್ರಾಂ ಲೈಸೀನ್ ಇರಬೇಕಾಯಿತು. ಕಡಲೆಕಾಯಿಯ ಪ್ರೋಟೀನಿನಲ್ಲಿ ಲೈಸೀನ್ ಇರುವುದು ಸುಮಾರು ಶೇಕಡ 3.5 ಮಾತ್ರ. ಆ 30 ಗ್ರಾಂ ಪ್ರೋಟೀನು ಪೂರ್ತಿ ಹಿಂಡಿಯಿಂದಲೇ ಬಂದರೆ ಸಿಗುವ ಲೈಸೀನ್ ಒಂದು ಗ್ರಾಮಿಗೆ ತುಸು ಹೆಚ್ಚು, ಅಷ್ಟೆ. ಆರ್ಜಿನೀನ್ ಮಾತ್ರ ಬೇಕಾದುದಕ್ಕಿಂತ ಹೆಚ್ಚಾಗಿರುತ್ತದೆ.

ಮಿಕ್ಕ ಮಲ್ಲಿಗೆ ಏನಾಗುತ್ತದೆ? ಮೀನು ಅಮೈನೊ ಆಮ್ಲಗಳನ್ನು ಕೂಡಿಡಲಾರದು. ಅವನ್ನು ಒಡೆದು ಶಕ್ತಿಗೆ ಬಳಸುತ್ತದೆ. ಅದರಲ್ಲಿದ್ದ ಸಾರಜನಕ ಅಮೋನಿಯವಾಗಿ ಹೆಚ್ಚಾಗಿ ಕಿವಿರುಗಳ ಮೂಲಕ ನೀರಿಗೆ ಸೇರುತ್ತದೆ. ನೀರು ಬೆಚ್ಚಗಿದ್ದು ಕ್ಷಾರೀಯವಾದಷ್ಟೂ ಈ ಅಮೋನಿಯದ ವಿಷಗುಣ ಹೆಚ್ಚು. ರೈತ ಹಣ ಕೊಟ್ಟು ತಂದ ಮೇವು ಅವನ ಕೊಳವನ್ನೇ ಕೆಡಿಸುತ್ತದೆ.

ಚೀಲದ ಮೇಲಿನ ಅಂಕಿ ಇದನ್ನು ಹೇಳುವುದಿಲ್ಲ. ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಅಳೆಯುವುದು ಸಾರಜನಕವನ್ನು; ಅದನ್ನು 6.25ರಿಂದ ಗುಣಿಸಿದರೆ ಬರುವುದೇ ‘ಕಚ್ಚಾ ಪ್ರೋಟೀನು’. ಆ ಸಾರಜನಕ ಲೈಸೀನಿನದೋ, ಆರ್ಜಿನೀನಿನದೋ ಎಂಬುದು ಅದರಿಂದ ತಿಳಿಯದು.

ಹಾಗಾದರೆ ಹಿಂದಿನವರು ಬರೀ ಹಿಂಡಿ–ತೌಡು ಹಾಕಿ ಮೀನು ಬೆಳೆಸಿದ್ದು ಹೇಗೆ? ಅವರು ಕೊಳಕ್ಕೆ ಸಗಣಿ ಗೊಬ್ಬರವನ್ನೂ ಹಾಕುತ್ತಿದ್ದರು. ಗೊಬ್ಬರದಿಂದ ಸೂಕ್ಷ್ಮ ಪಾಚಿ, ಅದನ್ನು ತಿಂದು ಸಣ್ಣ ಜೀವಿಗಳು ಹುಟ್ಟುತ್ತಿದ್ದವು. ಉತ್ತಮ ಪ್ರೋಟೀನುಳ್ಳ ಈ ಪ್ಲವಕಗಳು ಹಿಂಡಿಯ ಕೊರತೆಯನ್ನು ತುಂಬುತ್ತಿದ್ದವು. ಅಷ್ಟೇ ನೀರಿಗೆ ಹೆಚ್ಚು ಮರಿ ಬಿಟ್ಟಾಗ ಒಂದೊಂದು ಮೀನಿಗೆ ಸಿಗುವ ಪ್ಲವಕದ ಪಾಲು ಇಳಿಯುತ್ತದೆ. ಆಗ ಮೇವಿನ ಕೊರತೆ ಬಯಲಾಗುತ್ತದೆ.

ಪರಿಹಾರ ನಮ್ಮ ಅಡುಗೆಮನೆಯಲ್ಲೇ ಇದೆ. ರಾಗಿಯಲ್ಲಿ ಲೈಸೀನ್ ಕಡಿಮೆ, ಮಿಥಿಯೊನೀನ್ ಚೆನ್ನಾಗಿದೆ. ಕಾಳುಗಳಲ್ಲಿ ಇದಕ್ಕೆ ವಿರುದ್ಧ. ಮುದ್ದೆಗೆ ಹುರುಳಿ ಸಾರು ಜೊತೆಯಾದಾಗ ಎರಡೂ ಸರಿಹೋಗುತ್ತವೆ. ಮೀನಿನ ಮೇವಿನಲ್ಲಿಯೂ ಲೈಸೀನ್ ಹೆಚ್ಚಿರುವ ಸೋಯಾ ಹಿಂಡಿಗೆ ಮಿಥಿಯೊನೀನ್ ಹೆಚ್ಚಿರುವ ಎಳ್ಳಿನ ಹಿಂಡಿ ಒಳ್ಳೆಯ ಜೋಡಿ. ಹಸಿ ಸೋಯಾ ಮಾತ್ರ ಸಲ್ಲದು; ಜೀರ್ಣಕ್ರಿಯೆಗೆ ಅಡ್ಡಿಮಾಡುವ ಅದರ ಅಂಶವನ್ನು ಶಾಖದಿಂದ ಕಳೆಯಬೇಕು. ಮೀನಿನ ಪುಡಿಯಲ್ಲಿ ಎರಡೂ ಆಮ್ಲಗಳು ಸಾಕಷ್ಟಿವೆ, ಆದರೆ ಅದು ದುಬಾರಿ. ಕಾರ್ಖಾನೆಯಲ್ಲಿ ತಯಾರಾದ ಲೈಸೀನನ್ನು ನೇರವಾಗಿ ಬೆರೆಸುವುದೂ ಉಂಟು. ಅದು ನೀರಿನಲ್ಲಿ ಬೇಗ ಕರಗಿಹೋಗುತ್ತದೆ. ಜೊತೆಗೆ, ಜಠರವೇ ಇಲ್ಲದ ಗೆಂಡೆಯ ಕರುಳಿನಲ್ಲಿ ಅದು ಉಳಿದವಕ್ಕಿಂತ ಮೊದಲೇ ರಕ್ತಕ್ಕೆ ಸೇರುತ್ತದೆ. ಆದ್ದರಿಂದ ಅಂಥ ಮೇವನ್ನು ದಿನಕ್ಕೆ ಹಲವು ಬಾರಿ, ಸ್ವಲ್ಪಸ್ವಲ್ಪವಾಗಿ ಕೊಡುವುದು ಲೇಸು.

ನಿಮ್ಮ ಊರಿನಲ್ಲಿ ಮೀನು ಸಾಕುವವರಿದ್ದರೆ ಅವರ ಮೇವಿನ ಚೀಲವನ್ನೊಮ್ಮೆ ನೋಡಿ. ಪ್ರೋಟೀನಿನ ಅಂಕಿಯನ್ನು ಓದಿದ ಮೇಲೆ, ಅದು ಯಾವ ಯಾವ ಹಿಂಡಿಯಿಂದ ಬಂದಿದೆ ಎಂದು ವಿಚಾರಿಸಿ. ತರಗತಿಯಲ್ಲಿ ಕಲಿತ ಶೇಕಡಾವಾರು ಲೆಕ್ಕಕ್ಕೆ ಇದಕ್ಕಿಂತ ಉಪಯುಕ್ತ ಅಭ್ಯಾಸ ಸಿಗಲಾರದು.