ಚಳಿಗಾಲದ ಅತಿಥಿಗಳು ಮತ್ತು ನಮ್ಮ ‘ಬಂಜರು’ ನೆಲ

(ತ್ಯಾಮಗೊಂಡ್ಲಿನಲ್ಲಿ ವಿದ್ಯಾರ್ಥಿಗಳು ಹಾಗೂ ಗ್ರಾಮಸ್ಥರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಮಾಗಿಯ ಚಳಿ ನಮಗೆ ಒಂದು ಕಂಬಳಿಯ ಮಾತು. ಉತ್ತರದ ಮಂಗೋಲಿಯಾ, ಕಜಕಸ್ತಾನ, ಸೈಬೀರಿಯಾಗಳಲ್ಲಿ ಅದು ಅನ್ನದ ಪ್ರಶ್ನೆ. ಅಲ್ಲಿ ಕೆರೆ ಹೆಪ್ಪುಗಟ್ಟುತ್ತದೆ, ಹುಲ್ಲು ಹಿಮದಡಿ ಹುದುಗುತ್ತದೆ, ಕೀಟಗಳು ಕಣ್ಮರೆಯಾಗುತ್ತವೆ. ಹಕ್ಕಿಗಳು ವಲಸೆ ಹೊರಡುವುದು ಚಳಿಗೆ ಅಂಜಿ ಎನ್ನುವುದಕ್ಕಿಂತ ಹಸಿವಿಗೆ ಅಂಜಿ ಎನ್ನುವುದೇ ಸರಿ. ಆ ಶೀತದೇಶಗಳಿಗೂ ಶ್ರೀಲಂಕೆ, ಲಕ್ಷದ್ವೀಪಗಳಂತಹ ಬೆಚ್ಚನೆಯ ದ್ವೀಪಗಳಿಗೂ ನಡುವಿನ ದಾರಿಯಲ್ಲಿ ನಮ್ಮ ಬಯಲುಸೀಮೆಯಿದೆ. ಕೆಲವಕ್ಕೆ ಇದು ತಂಗುದಾಣ, ಹಲವಕ್ಕೆ ಇದೇ ಚಳಿಗಾಲದ ಮನೆ.

ಹಿಮಾಲಯದ ತಪ್ಪಲಿನಲ್ಲಿ ಮಳೆಗಾಲದಲ್ಲಿ ಮರಿಮಾಡುವ ನವರಂಗವು ಶರತ್ಕಾಲದಲ್ಲಿ ನಮ್ಮನ್ನು ಹಾದು ಶ್ರೀಲಂಕೆಯವರೆಗೂ ಹೋಗುತ್ತದೆ. ಕೆಲವೊಮ್ಮೆ ದಣಿದು ಮನೆಯಂಗಳದಲ್ಲೇ ಬೀಳುವುದುಂಟು. ಬಾಲ ಕುಣಿಸುವ ಬೂದು ಸಿಪಿಲೆ, ನಮ್ಮ ಹಳ್ಳಿಗರ ಕುಂಡೆಕುಸ್ಕ, ಹರಿವ ನೀರಿನ ಬದಿಯಲ್ಲಿ ಕಾಣಿಸಿಕೊಂಡರೆ ಚಳಿಗಾಲ ಬಂತೆಂದೇ ಅರ್ಥ. ಪಟ್ಟೆತಲೆ ಹೆಬ್ಬಾತು ಹಿಮಾಲಯವನ್ನೇ ದಾಟಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುತ್ತದೆ. ಆ ಕೆರೆಗೆ 2024ರಲ್ಲಿ ರಾಮ್ಸಾರ್ ಮಾನ್ಯತೆ ದೊರೆಯಿತು. ಅದು ಯಾವ ದಟ್ಟಾರಣ್ಯವೂ ಅಲ್ಲ. ಹೊಲಗಳ ನಡುವಿನ ಒಂದು ಊರಕೆರೆ.

ಇಲ್ಲಿ ನಾವು ತಿದ್ದಿಕೊಳ್ಳಬೇಕಾದ ಒಂದು ಭಾವನೆಯಿದೆ. ಪರಿಸರ ರಕ್ಷಣೆಯೆಂದರೆ ಗಿಡ ನೆಡುವುದು ಎಂದು ಶಾಲೆಯಲ್ಲಿ ಕಲಿತಿದ್ದೇವೆ. ನಮ್ಮ ನೆರೆಯ ಹೆಸರಘಟ್ಟದ ಹುಲ್ಲುಗಾವಲು ಬೇರೆಯೇ ಪಾಠ ಹೇಳುತ್ತದೆ. ಚಳಿಗಾಲದಲ್ಲಿ ಅಲ್ಲಿಗೆ ಬರುವ ಸೆಳೆವಗಳು ಗಿಡುಗನ ಜಾತಿಯವಾದರೂ ರಾತ್ರಿ ತಂಗುವುದು ಮರದ ಮೇಲಲ್ಲ, ಎತ್ತರದ ಹುಲ್ಲಿನ ನಡುವೆ, ನೆಲದ ಮೇಲೆ. ಅವುಗಳಲ್ಲಿ ಕೆಲವು ಹಗಲೆಲ್ಲ ಮಿಡತೆ ಹಿಡಿದು ರೈತನ ಕೆಲಸವನ್ನೇ ಮಾಡುತ್ತವೆ. ಆ ಬಯಲನ್ನು ‘ಖಾಲಿ ಜಾಗ’ವೆಂದು ನೀಲಗಿರಿಯಿಂದ ತುಂಬಿದರೆ ಸೆಳೆವಕ್ಕೆ ಮನೆಯಿಲ್ಲ, ದನಕರುಗಳಿಗೆ ಮೇವೂ ಇಲ್ಲ. ಕೆರೆಗಳದೂ ಇದೇ ಕತೆ. ಅಂಚನ್ನು ಆಳವಾಗಿ ಅಗೆದು ಸುತ್ತ ಕಲ್ಲು ಕಟ್ಟಿದರೆ ಕೆರೆ ನೋಡಲು ಚೆಂದ. ಆದರೆ ಗೊರವಗಳು ಕಾಲೂರಿ ಹುಳು ಹೆಕ್ಕುವ ತೆಳುನೀರಿನ ಕೆಸರು ಅಲ್ಲಿ ಉಳಿಯುವುದಿಲ್ಲ.

ಹೆಸರಘಟ್ಟದ ಹುಲ್ಲುಗಾವಲನ್ನು ಸಂರಕ್ಷಿತ ಪ್ರದೇಶವಾಗಿಸುವ ಪ್ರಸ್ತಾಪವನ್ನು ರಾಜ್ಯ ವನ್ಯಜೀವಿ ಮಂಡಳಿ 2021ರಲ್ಲಿ ತಿರಸ್ಕರಿಸಿತ್ತು. 2024ರಲ್ಲಿ ಅದೇ ಮಂಡಳಿ 5,600 ಎಕರೆಗೂ ಮಿಕ್ಕ ಪ್ರದೇಶಕ್ಕೆ ಒಪ್ಪಿಗೆ ನೀಡಿತು. ನಡುವಿನ ವರ್ಷಗಳಲ್ಲಿ ಆ ನೆಲದ ಪರವಾಗಿ ಮಾತನಾಡಿದ್ದು ಘೋಷಣೆಗಳಷ್ಟೇ ಅಲ್ಲ. ಇಂಥ ದಿನ ಇಂಥ ಹಕ್ಕಿ ಇಲ್ಲಿತ್ತು ಎಂದು ಜನ ವರ್ಷಾನುಗಟ್ಟಲೆ ಬರೆದಿಟ್ಟ ಟಿಪ್ಪಣಿಗಳೂ ಮಾತನಾಡಿದವು.

ಆದ್ದರಿಂದ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ದುಬಾರಿ ಕ್ಯಾಮೆರಾ ಬೇಡ. ಒಂದು ನೋಟುಪುಸ್ತಕ ಸಾಕು. ದುರ್ಬೀನು ಇದ್ದರೆ ಇನ್ನೂ ಒಳ್ಳೆಯದು. ನಿಮ್ಮ ಊರಿನ ಒಂದು ಕೆರೆ ಅಥವಾ ಗೋಮಾಳವನ್ನು ಆರಿಸಿಕೊಳ್ಳಿ. ಅಕ್ಟೋಬರಿನಿಂದ ಮಾರ್ಚಿಯವರೆಗೆ ವಾರಕ್ಕೊಮ್ಮೆ ಬೆಳಗ್ಗೆ ಒಂದು ಗಂಟೆ ಅಲ್ಲಿ ನಿಲ್ಲಿ. ದಿನಾಂಕ, ಹಕ್ಕಿ, ಎಣಿಕೆ, ನೀರಿನ ಮಟ್ಟ ಬರೆಯಿರಿ. ಹೆಸರು ತಿಳಿಯದಿದ್ದರೆ ಕೊಕ್ಕು, ಕಾಲು, ನಡಿಗೆಯನ್ನು ಬರೆಯಿರಿ. ಊರಿನ ಕುರಿಗಾಹಿಯನ್ನು ಕೇಳಿ. ಏಷ್ಯಾದಾದ್ಯಂತ ಜನವರಿಯಲ್ಲಿ ನಡೆಯುವ ನೀರಹಕ್ಕಿ ಗಣತಿ 1987ರಿಂದ ಬೆಳೆದು ಬಂದಿರುವುದು ಇಂತಹ ಸ್ವಯಂಸೇವಕರಿಂದಲೇ.

ಹಿರಿಯರಲ್ಲಿಯೂ ಒಂದು ಮಾತು. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಮಕ್ಕಳ ಈ ಪಟ್ಟಿಯನ್ನು ಅದಕ್ಕೆ ಸೇರಿಸಿರಿ. ನಾಳೆ ನಮ್ಮ ಗೋಮಾಳವನ್ನೋ ಕೆರೆಯಂಗಳವನ್ನೋ ಕೇಳಿಕೊಂಡು ಯಾರಾದರೂ ಬಂದಾಗ, ‘ಇಲ್ಲಿ ಏನೂ ಇಲ್ಲ’ ಎಂಬುದೇ ಅವರ ಮೊದಲ ವಾದವಾಗಿರುತ್ತದೆ. ಏನೇನಿದೆ ಎಂಬ ಉತ್ತರ ನಮ್ಮ ಬಳಿ ಬರವಣಿಗೆಯಲ್ಲಿರಲಿ.