ಓದಲಾಗದ ಅಕ್ಷರ



2009ರ ಅಕ್ಟೋಬರ್ ಮೊದಲ ವಾರ. ರಾಯಚೂರು ಜಿಲ್ಲೆಯಲ್ಲಿ ಪ್ರವಾಹ. ನಾನಾಗ ಒಂದು ಸ್ಟುಡಿಯೋದಲ್ಲಿ ಕಿರಿಯ ನಿರ್ಮಾಪಕ. ನದಿತೀರದವರು ಎತ್ತರದ ಜಾಗಕ್ಕೆ ಹೋಗಬೇಕೆಂಬ ಸೂಚನೆ ಪರದೆಯ ಕೆಳಗೆ ಓಡುತ್ತಿತ್ತು. ಮಾನ್ವಿ ತಾಲೂಕಿನ ಕುರ್ಡಿಯಿಂದ ನಮ್ಮ ಸೋದರಮಾವನ ಫೋನ್ ಬಂತು: "ಅಕ್ಷರ ಬರಾಕತ್ಯಾವ, ಓದಾಕ ಆಗವಲ್ದು ನೋಡಪ್ಪ."

ಈ ಅಕ್ಷರಗಳನ್ನು ಬರೆಯುವ ಯಂತ್ರ ಕ್ಯಾರೆಕ್ಟರ್ ಜನರೇಟರ್. ಅದರ ಹಿಂಬದಿಯಿಂದ ಎರಡು ತಂತಿಗಳು ವಿಷನ್ ಮಿಕ್ಸರಿಗೆ ಹೋಗುತ್ತವೆ. ಒಂದು ಫಿಲ್, ಅಂದರೆ ಅಕ್ಷರದ ಬಣ್ಣ. ಇನ್ನೊಂದು ಕೀ, ಬರೀ ಕಪ್ಪು-ಬಿಳುಪು ಚಿತ್ರ. ಕೀ ಬಿಳಿಯಿದ್ದಲ್ಲಿ ಅಕ್ಷರ ಕಾಣುತ್ತದೆ, ಕಪ್ಪಿದ್ದಲ್ಲಿ ಹಿಂದಿನ ದೃಶ್ಯ. ಬೂದು ಬಣ್ಣವಿದ್ದರೆ ಎರಡೂ ಬೆರೆಯುತ್ತವೆ. ಯಂತ್ರಕ್ಕೆ ಒಳಬರುವ ಮೂರನೆಯ ತಂತಿ ತಾಳ ಹಿಡಿಯುವಂಥದು. ಸೆಕೆಂಡಿಗೆ 25 ಚಿತ್ರ, ಚಿತ್ರಕ್ಕೆ 625 ಗೆರೆ, ಗೆರೆಗೆ 64 ಮೈಕ್ರೋಸೆಕೆಂಡ್. ಸ್ಟುಡಿಯೋದ ಯಂತ್ರಗಳೆಲ್ಲ ಆ ಒಂದೇ ತಾಳಕ್ಕೆ ನಡೆಯಬೇಕು. ಸೆಟಪ್ಪಿನಲ್ಲಿ 'ಎಕ್ಸ್‌ಟರ್ನಲ್ ರೆಫರೆನ್ಸ್' ಆರಿಸದಿದ್ದರೆ ಯಂತ್ರ ತನ್ನದೇ ತಾಳಕ್ಕೆ ನಡೆದು ಅಕ್ಷರ ಜಾರತೊಡಗುತ್ತದೆ.

ನಮ್ಮ ಅಕ್ಷರ ಜಾರುತ್ತಿರಲಿಲ್ಲ, ಮಂಕಾಗಿತ್ತು. ಬಿಳಿಯ ಅಕ್ಷರ, ಹಿಂದೆ ಹೊಳೆಯುವ ನೀರು! ತಪ್ಪು ನನ್ನದೇ. ಕೀ ಸರಿಯಾಗಿದೆಯೇ ನೋಡೋಣವೆಂದು ಸಂಜೆ ಅದೇ ತಂತಿಗೆ 'ಟಿ' ಜೋಡಕ ಹಾಕಿ ಒಂದು ಮಾನಿಟರಿಗೂ ಕೊಟ್ಟಿದ್ದೆ. ಮಾನಿಟರಿನ ಹಿಂದಿನ 75 ಓಮ್ ಸ್ವಿಚ್ ಆನ್ ಆಗಿತ್ತು. ಮಿಕ್ಸರಿನೊಳಗೆ ಮತ್ತೊಂದು 75 ಓಮ್ ಇದ್ದೇ ಇತ್ತು.

ಇದರ ಫಲವನ್ನು ನಿಮ್ಮ ಪ್ರಯೋಗಾಲಯದಲ್ಲೇ ನೋಡಬಹುದು. 1.5 ವೋಲ್ಟಿನ ಸೆಲ್ಲಿಗೆ 100 ಓಮಿನ ಎರಡು ರೋಧಕಗಳನ್ನು ಸರಣಿಯಲ್ಲಿ ಜೋಡಿಸಿ. ಎರಡನೆಯದರ ಮೇಲೆ ಸುಮಾರು 0.75 ವೋಲ್ಟ್ ಸಿಗುತ್ತದೆ. ಅದಕ್ಕೆ ಸಮಾಂತರವಾಗಿ ಮೂರನೆಯ ರೋಧಕ ಹಾಕಿ: 0.5 ವೋಲ್ಟ್. ಮೂರರಲ್ಲಿ ಎರಡು ಪಾಲು ಮಾತ್ರ ಉಳಿಯಿತು. ನಮ್ಮ ಕೀ ಕೂಡ ಹೀಗೆಯೇ ಇಳಿದು ಬಿಳಿ ಹೋಗಿ ಬೂದಾಗಿತ್ತು. ಬಿ.ಎಸ್ಸಿ.ಯಲ್ಲಿ ಈ ಲೆಕ್ಕ ಮಾಡಿ ಅಂಕ ಪಡೆದವನಿಗೆ ಆ ಸಂಜೆ ಅದು ಹೊಳೆಯಲೇ ಇಲ್ಲ.

ಇಂದಿನ ಡಿಜಿಟಲ್ ತಂತಿಗಳಲ್ಲೂ ಫಿಲ್ ಮತ್ತು ಕೀ ಜೋಡಿ ಉಳಿದಿದೆ. ಅಲ್ಲಿ 'ಟಿ' ಜೋಡಕ ಹಾಕುವಂತೆಯೇ ಇಲ್ಲ, ಚಿತ್ರವೇ ಕೆಡುತ್ತದೆ.

ಮಾವ ಫೋನ್ ಇಟ್ಟಿರಲಿಲ್ಲ. ಮಾನಿಟರಿನ ಹಿಂದೆ ಕೈಹಾಕಿ ಸ್ವಿಚ್ ಸರಿಸಿದೆ. "ಹಾಂ, ಈಗ ಬಂತು" ಎಂದವರು ಅಕ್ಷರಗಳನ್ನು ಅಲ್ಲಿಂದಲೇ ಗಟ್ಟಿಯಾಗಿ ಓದಿ ಹೇಳಿದರು.